ಹದಿನಾಲ್ಕು ದಿನ

ಡುಲೂತ್ ಊರಿನ ಲೈಬ್ರರಿಯ ಮೂಲೆಮೇಜಿಗೆ
ಇರ್ಯಾ ಲಾಹ್ತಿನೆನ್ ಬರೆದು ತಂದದ್ದು ಮೂರು ಹಾಳೆ.
ಓದಿ ಮುಗಿಸಿದ ಲೈಬ್ರರಿಯನ್ ಪೆನ್ಸಿಲ್ ತೆಗೆದಳು.

‘ಕಳ್ಳ’ ಹೋಯಿತು.
‘ನಾಚಿಕೆಯಿಲ್ಲವೇ’ ಹೋಯಿತು.
ಹೀಟರು ಕೆಟ್ಟ ಜನವರಿ ಉಳಿಯಿತು, ತಾರೀಖಿನ ಸಮೇತ;
ನಡುಕ ಹೋಯಿತು.
‘ನಿಮ್ಮಮ್ಮ ಹಾಸಿಗೆ ಹಿಡಿದಾಗ ಮೀನುಸಾರು ಕೊಟ್ಟವಳು ನಾನು’:
ಪೆನ್ಸಿಲ್ ಒಂದು ಗಳಿಗೆ ನಿಂತು
ಅದನ್ನೂ ಹೊಡೆದುಹಾಕಿತು.

ಉಳಿದದ್ದು ಅರ್ಧ ಪುಟ:
ಮುಂಗಡ ಒಂಬೈನೂರೈವತ್ತು ಡಾಲರ್,
ಹದಿನಾಲ್ಕು ದಿನ, ತಪ್ಪಿದರೆ ಕೋರ್ಟು,
ಇಂತಿ.
ತನ್ನ ಸಹಿಯನ್ನೇ ಅವಳು
ಯಾರದೋ ಎಂಬಂತೆ ನೋಡಿದಳು.

ಹನ್ನೆರಡನೇ ದಿನ ಚೆಕ್ ಬಂತು,
ಗೋಡೆಯ ಮೊಳೆತೂತಿಗೆ ಏಳು ಡಾಲರ್ ಮುರಿದುಕೊಂಡು.
ಇರಲಿ ಬಿಡು, ಅಂದಳು.

ಕರಡು ಇನ್ನೂ ಡ್ರಾಯರಿನಲ್ಲಿದೆ.
ಪೆನ್ಸಿಲ್ ಗೀಟಿನಡಿ
ಮೀನುಸಾರಿನ ಸಾಲು
ಹಾಗೇ ಇದೆ,
ಸಾಲವಾಗಿ.