ಗಾಲಿ ಬಡಿಯುವವರು

ಅಪ್ಪನ ಕಸುಬು ಕೇಳುವುದು.
ಹುಬ್ಬಳ್ಳಿ ಟೇಶನ್ನಿಗೆ ಗುಂತಕಲ್ ಗಾಡಿ ಬಂದು ನಿಂತೊಡನೆ
ಉದ್ದ ಹಿಡಿಕೆಯ ಸುತ್ತಿಗೆ, ಗಾಲಿ ಗಾಲಿಗೂ ಒಂದೊಂದು ಪೆಟ್ಟು.
"ಗಟ್ಟಿ ಇದ್ದದ್ದು ಠಣ್ ಅಂತದ, ಬಿರುಕು ಬಿಟ್ಟದ್ದು ಥಪ್ ಅಂತದ.
ಬಣ್ಣ ನೋಡಿದ್ರ ಏನೂ ತಿಳಿಯಂಗಿಲ್ಲೋ ತಮ್ಮಾ,
ಬಡದ ನೋಡಬೇಕು."

ಗಾಡಿಯ ಆಚೆ ಮಗ್ಗುಲಿಗೆ ಗುರುನಾಥ ಹೆಬಸೂರ.
ಒಂದು ಚಹಾ ಹೇಳಲು ಮೂರು ಸಲ ತೊದಲುವವ,
ಸಾಹೇಬ ಎದುರು ಬಂದರೆ ಬೀಡಿಯನ್ನು ಮುಷ್ಟಿಯಲ್ಲೇ ಆರಿಸಿ
ಅಂಗೈ ಸುಟ್ಟುಕೊಳ್ಳುವವ.
ಅಪ್ಪನಿಗೋ ಯೂನಿಯನ್ ಸಭೆಯಲ್ಲಿ ಮೈಕು ಬೇಡ,
ಟೇಶನ್ ರಸ್ತೆಯ ತಿರುವಿನ ತನಕ ಅವನ ಘೋಷಣೆ.

ಎಪ್ಪತ್ತನಾಲ್ಕರ ಮೇ.
ಗದಗ ರಸ್ತೆಯ ಕ್ವಾರ್ಟರ್ಸಿಗೆ ಮೊದಲು ನೀರು ಕಡಿದರು, ಆಮೇಲೆ ದೀಪ.
ಸಾಲುಮನೆಗಳ ಮುಂದೆ ಪೊಲೀಸ್ ವ್ಯಾನು
ಎಂಜಿನ್ ಆರಿಸದೆ ಸುಮ್ಮನೆ ನಿಂತಿರುತ್ತಿತ್ತು.
ಹದಿನೆಂಟರ ನಾನು ಟೈಫಾಯ್ಡಿನಲ್ಲಿ ಗೋಡೆಯ ಹಲ್ಲಿ ಎಣಿಸುತ್ತ ಮಲಗಿದ್ದೆ.
ಹೆಬಸೂರನ ಹೆಂಡತಿ ನೀಲವ್ವ ಎಲ್ಲಿಂದಲೋ ಹೊತ್ತು ತಂದ ಕೊಡದಲ್ಲಿ
ಅರ್ಧ ನಮ್ಮ ಹಂಡೆಗೆ.

ಹನ್ನೆರಡನೆಯ ದಿನ ಬೆಳಕು ಹರಿಯುವ ಮುಂಚೆ
ಅಪ್ಪ ಹಿತ್ತಲ ಬಾಗಿಲಿನಿಂದ ಹೋದ, ಚಪ್ಪಲಿ ಕೈಯಲ್ಲಿ.
ಕಚೇರಿಯಲ್ಲಿ ಕಾಗದ ಸಿದ್ಧವಿತ್ತು.
"ಹುಡುಗಗ ಜ್ವರ" ಎಂದನಂತೆ. ಓಣಿಯೂ ಅದನ್ನೇ ಅಂದಿತು,
ಹೊಟ್ಟೀ ಮಗ, ಏನ ಮಾಡ್ತಾನ ಪಾಪ.
ಅದು ನಿಜವಿರಬಹುದಿತ್ತು.
ಜ್ವರ ಹಿಂದಿನ ಸಂಜೆಯೇ ಬಿಟ್ಟಿತ್ತು.
ಅವ್ವ ಅಂಬಲಿ ಕುಡಿಸಿದ್ದಳು. ಅಪ್ಪನೇ ಹಣೆ ಮುಟ್ಟಿ ನೋಡಿದ್ದ.
ಗೊತ್ತಿದ್ದವರು ನಾವು ಮೂವರೇ.

ಹೆಬಸೂರನನ್ನೂ ಕರೆಸಿದರು.
"ಒ... ಒ... ಒ..." ಎಂದು ಅವನು ಎಷ್ಟು ಹೊತ್ತು ತಡವರಿಸಿದನೆಂದರೆ
ಒಪ್ಪಿದನೆಂದುಕೊಂಡು ಸಾಹೇಬ
ಪೆನ್ನಿನ ಟೊಪ್ಪಿಗೆ ತೆಗೆದು ಮುಂದೆ ಹಿಡಿದನಂತೆ.
"ಒಲ್ಲೆ."
ಬೆವರು ಒರೆಸಿಕೊಂಡು, ನಮಸ್ಕಾರ ಮಾಡಿ, ಹೊರಗೆ ಬಂದನಂತೆ.
ಮೂರು ವರ್ಷ ದುರ್ಗದಬೈಲಿನ ಮೂಲೆಯಲ್ಲಿ ಸ್ಟೋವ್ ರಿಪೇರಿ.

ಕಥೆ ಇಲ್ಲಿಗೆ ನಿಲ್ಲಿಸಬಹುದು.
ನಾನು ಬಹಳ ಸಲ ಇಲ್ಲಿಗೇ ನಿಲ್ಲಿಸಿದ್ದೇನೆ.

ಆ ವರ್ಷವೇ, ನಿಷ್ಠ ನೌಕರರ ಮಕ್ಕಳಿಗೆ ಕೆಲಸ ಎಂದು ಪತ್ರ ಬಂತು.
ನನಗೆ ಗೊತ್ತಿತ್ತು. ಹಣೆ ನನ್ನದೇ.
ಗುಮಾಸ್ತ ಅರ್ಜಿ ಚಾಚಿದ.
ಎಲ್ಲಿ ಸಹಿ ಮಾಡಬೇಕು,
ಎಂದಷ್ಟೇ ಕೇಳಿದೆ.
ನಲವತ್ತೆರಡು ವರ್ಷ ನೌಕರಿ. ಕೇಶ್ವಾಪುರದಲ್ಲಿ ಮನೆ.
ಒಂದು ಪೈಸೆ ಲಂಚ ಮುಟ್ಟಿದವನಲ್ಲ, ಎಂದರು ಬೀಳ್ಕೊಡುಗೆಯಲ್ಲಿ.
ಯಾರೂ ಕೊಡಲು ಬಂದಿರಲಿಲ್ಲ.

ಸರಕಾರ ಬದಲಾಗಿ ಹೆಬಸೂರ ಮರಳಿದ, ಅದೇ ಸುತ್ತಿಗೆಗೆ.
ಅಪ್ಪ ಈಚೆ, ಅವನು ಆಚೆ, ನಡುವೆ ಗಾಡಿ.
ಅವನ ಠಣ್ ಡಬ್ಬಿಯಡಿಯಿಂದ ಹಾಯ್ದು ಈ ಕಡೆ ಬರುತ್ತಿತ್ತು.
ಅದು ಆರುವ ತನಕ ಅಪ್ಪ ಸುತ್ತಿಗೆ ಎತ್ತುತ್ತಿರಲಿಲ್ಲ.
ಎಲೆ ಅಡಿಕೆ ಹಂಚಿಕೊಂಡರು, ಒಬ್ಬರ ಮನೆಯ ಮದುವೆಯಲ್ಲಿ ಒಬ್ಬರು ಉಂಡರು.
ಆ ಮಾತು ಮಾತ್ರ ಯಾರೂ ತೆಗೆಯಲಿಲ್ಲ.
ಅಪ್ಪ ಸತ್ತ ದಿನ ಹೆಬಸೂರ ನನ್ನ ಹೆಗಲು ಹಿಡಿದು
"ನಿ... ನಿಮ್ಮಪ್ಪನ ಕಿವಿ ಭಾಳ ಚ... ಚಲೋ ಇತ್ತು" ಎಂದ.
ಹೊಗಳಿದನೋ ಏನೋ. ಇವತ್ತಿಗೂ ಬಗೆಹರಿದಿಲ್ಲ.

ಹೋದ ಚಳಿಗಾಲ, ರಾತ್ರಿ ಗಾಡಿ, ಗದಗಿನಲ್ಲಿ ಬಹಳ ಹೊತ್ತು ನಿಂತಿತು.
ದೂರದ ಡಬ್ಬಿಯಿಂದ ಸುತ್ತಿಗೆಯ ಸದ್ದು,
ಈಗಲೂ ಬಡಿಯುತ್ತಾರೆಯೆ?
ಒಂದೊಂದೇ ಗಾಲಿ ದಾಟಿ ಹತ್ತಿರ, ಹತ್ತಿರ.
ಕೆಳಗಿನ ಬರ್ತಿನಲ್ಲಿ ಚಾದರ ಎಳೆದುಕೊಂಡು ಉಸಿರು ಹಿಡಿದೆ.
ನನ್ನ ತಲೆಯ ಕೆಳಗೇ ಬಿತ್ತು ಪೆಟ್ಟು.
ಠಣ್ ಎಂದಿತು.
ಗಾಲಿ.