ಕೊಸರು

ನವೆಂಬರಿನ ಮೊದಲ ಶನಿವಾರ ತೆಲಾವಿಯ ಸಂತೆಗೆ
ನಾನು ಹೋಗುವುದು ಕೊಳ್ಳಲಿಕ್ಕಲ್ಲ.
ಚರ್ಮದ ಪೆಟ್ಟಿಗೆಯಲ್ಲಿ ಹನ್ನೊಂದು ಹಿತ್ತಾಳೆ ಬಟ್ಟು,
ಸೀಸದ ಮೊಹರು, ಕೆಂಪು ಚೀಟಿ, ರಸೀದಿ ಪುಸ್ತಕ.
ಇಪ್ಪತ್ತಾರು ವರ್ಷದಿಂದ, ನನ್ನ ಟೋಪಿ ಕಂಡ ಕೂಡಲೇ
ಸಾಲಿಗೆ ಸಾಲೇ ಹೆಬ್ಬೆರಳುಗಳು ತಟ್ಟೆಯಿಂದ ಮೇಲೇಳುತ್ತವೆ,
ಮೇಷ್ಟ್ರು ಒಳಬಂದಾಗಿನ ಹುಡುಗರ ಹಾಗೆ.

ಪೀಚು, ಕಲ್ಲಂಗಡಿ ಕೂಗಾಡಿ ಹೋದ ಜಾಗದಲ್ಲೀಗ
ಎಳೆಗರುವಿನ ಮೂತಿಯ ನವಿರು ಹೊತ್ತ ಕ್ವಿನ್ಸ್,
ಹುರಿಗೆ ಕಟ್ಟಿ ಇಳಿಬಿಟ್ಟ ಪರ್ಸಿಮನ್:
ಒಂದನ್ನು ಮುಟ್ಟಿದರೆ ಪಕ್ಕದ್ದೂ ನಾಚುತ್ತದೆ.
ಹಸಿ ಸಿಪ್ಪೆಯ ಕರೆ ಹತ್ತಿದ ಕೈಗಳಲ್ಲಿ ಹೊಸ ಆಕ್ರೋಟು.
ಲಾಮಾರಾಳ ಚುರ್ಚ್‌ಖೇಲಾ, ದ್ರಾಕ್ಷಿಪಾಕದಲ್ಲಿ ಅದ್ದಿ ಒಣಗಿಸಿದ್ದು;
ಮೇಣದಬತ್ತಿಯೆಂದು ಒಮ್ಮೆ ಯಾರೋ ಪ್ರವಾಸಿ ಬೆಂಕಿಕಡ್ಡಿ ಗೀರಿದ್ದ.
ತಗಡಿನ ಮಾಡಿನಾಚೆ, ರಾತ್ರಿ ಬಿದ್ದ ಹಿಮ
ಕಾಕಸಸ್ಸಿನ ಭುಜದ ಮೇಲೆ.
ಇನ್ನೂ ಕೆಳಗಿಳಿದಿಲ್ಲ.

ಕೊನೆಯ ಮೇಜು ತ್ಸಿಯಾಲಾಳದು.
ಅವಳಲ್ಲಿ ಒಂದೇ ಸರಕು: ಜ್ಗ್ಮಾರ್ಟ್ಲಿ.
ಹೆಸರೇ ಬಾಯಲ್ಲಿ ಬೀಜದ ಹಾಗೆ ಸಿಕ್ಕಿಕೊಳ್ಳುತ್ತದೆ.
ಬುಡ ಬಿರಿದ ಸಣ್ಣ ಕಂದು ಹಣ್ಣು; ಕಿತ್ತಾಗ ಕಲ್ಲು,
ಕಚ್ಚಿದರೆ ನಾಲಗೆ ತೊಗಲಾಗುತ್ತದೆ.
ಹುಲ್ಲಿನ ಮೇಲೆ ಹರವಿ ಕಾಯಬೇಕು
ಕೊಳೆಯುವ ತನಕ. ಅಲ್ಲ, ಕೊಳೆತಂತೆ ಕಾಣುವ ತನಕ.
ಹಣ್ಣಾಗುವುದಕ್ಕೂ ಹಾಳಾಗುವುದಕ್ಕೂ ನಡುವೆ ಮೂರೇ ದಿನ.
ಹೊಸ ಗಿರಾಕಿಗಳು ಮೂಗು ಮುರಿಯುತ್ತಾರೆ.
ಹಳಬರು ಜೇಬಿನಲ್ಲಿ ಚಮಚ ಇಟ್ಟುಕೊಂಡೇ ಬರುತ್ತಾರೆ.

ಅವಳ ತಕ್ಕಡಿಯ ಮೇಲೆ ನನ್ನ ಒಂದು ಕಿಲೋ ಇಟ್ಟೆ.
ಮುಳ್ಳು ಒಂಬೈನೂರ ಅರವತ್ತಕ್ಕೆ ನಿಂತಿತು.
ತೆಗೆದು, ಒರೆಸಿ, ಮತ್ತೆ ಇಟ್ಟೆ. ಒಂಬೈನೂರ ಅರವತ್ತು.
ಗಿರಾಕಿಯ ಕಡೆಗೆ ವಾಲಿದ ಸುಳ್ಳು!
ನನ್ನ ಸರ್ವೀಸಿನಲ್ಲೇ ಇಂಥದ್ದು ಕಂಡಿರಲಿಲ್ಲ.
“ರಿಪೇರಿ ಮಾಡಿಸಬಾರದೇ?
ಕಿಲೋಗೆ ನಲವತ್ತು ಗ್ರಾಂ ಕಳಕೊಳ್ಳುತ್ತಿದ್ದೀ.”
“ಮಾಡಿಸಿದ್ದೇ ಹೀಗೆ.”

ಆಮೇಲೆ ಸೆರಗಿಲ್ಲದ ಏಪ್ರನ್ನಿಗೆ ಕೈ ಒರೆಸುತ್ತ, ನನ್ನತ್ತ ನೋಡದೆ:
“ನಮ್ಮ ಜುಂಬೇರನ ಹೆಬ್ಬೆರಳು ನೆನಪಿದೆಯಲ್ಲ ನಿನಗೆ?”
ನೆನಪಿದೆ. ಮೂರು ಸಲ ದಂಡ ಹಾಕಿದ್ದೇನೆ.
ಹಾಡಿಕೊಂಡೇ ತೂಗುತ್ತಿದ್ದ; ದನಿ ಏರುವಾಗ
ಬೆರಳು ಇಳಿಯುತ್ತಿತ್ತು,
ನಲವತ್ತು ಗ್ರಾಂ, ಗುಲಗಂಜಿಯಷ್ಟೂ ಆಚೀಚೆಯಿಲ್ಲ.
“ಆ ನಲವತ್ತರಲ್ಲೇ ಮಗಳ ಹಲ್ಲು ಸರಿಮಾಡಿಸಿದೆವು,
ದನದ ಕೊಟ್ಟಿಗೆಗೆ ತಗಡು ಹೊದಿಸಿದೆವು.
ಅವನು ಹೋಗಿ ನಾಲ್ಕು ಚಳಿಗಾಲ. ತೀರಿಸುತ್ತಿದ್ದೇನೆ.”
“ಪಾಪಕ್ಕೆ ಹೆದರಿ?”
“ಥೂ, ಪಾಪವಂತೆ. ಲೆಕ್ಕ.”
“ಇನ್ನೆಷ್ಟು ಬಾಕಿ?”
“ಹತ್ತೊಂಬತ್ತು ವರ್ಷ. ನನಗೀಗ ಎಪ್ಪತ್ಮೂರು.”

ಕಾನೂನಿಗೆ ಎರಡು ಕಿವಿ, ಎರಡೂ ಒಂದೇ ಕಡೆ:
ಹೆಚ್ಚಾದರೂ ತಪ್ಪು, ಕಮ್ಮಿಯಾದರೂ ತಪ್ಪು.
“ಅಂಟಿಸು, ಅಂಟಿಸು!” ಲಾಮಾರಾ ಕೂಗಿದಳು,
“ಇದ್ದಬದ್ದ ಗಿರಾಕಿಯೆಲ್ಲ ಅವಳಲ್ಲಿಗೇ.”
ಅಂಟಿಸಲಿಲ್ಲ. ಬಿಟ್ಟೂ ಬಿಡಲಿಲ್ಲ.
ಕಿಸೆಯಿಂದ ಸ್ಕ್ರೂಡ್ರೈವರ್ ತೆಗೆದು, ಮಂಡಿಯೂರಿ,
ತಿರುಪು ಕಾಲುಸುತ್ತು ತಿರುವಿದೆ.
ಸಾವಿರಕ್ಕೆ ಸಾವಿರ. ಸೀಸ ಒತ್ತಿ ಮೊಹರು ಹಾಕಿದೆ.
ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಅಷ್ಟರಲ್ಲಿ ಬಂದ ಗಿರಾಕಿ, ನರ್ಸ್ ಸಮವಸ್ತ್ರದ ಹುಡುಗಿ.
ಒಂದು ಕಿಲೋ. ಮುಳ್ಳು ನೆಟ್ಟಗೆ ನಿಂತ ಮೇಲೆ
ತ್ಸಿಯಾಲಾ ನನ್ನ ಮುಖ ನೋಡುತ್ತಲೇ
ಚೀಲಕ್ಕೆ ಒಂದು ಹಣ್ಣು ಹಾಕಿದಳು. ಇನ್ನೊಂದು ಹಾಕಿದಳು.
ಒಂದೊಂದು ಇಪ್ಪತ್ತು ಗ್ರಾಂ, ಸುಮಾರಾಗಿ.
ಕೊಸರಿಗೆ ಮೊಹರು ಹಾಕುವ ಬಟ್ಟು
ನನ್ನ ಪೆಟ್ಟಿಗೆಯಲ್ಲಿಲ್ಲ.

ಎಂದೂ ಕೊಳ್ಳದವನು ಅಂದು ನಾನೂ ಒಂದು ಕಿಲೋ ಕೇಳಿದೆ.
ತೂಗಿದಳು. ಚೀಲದ ಬಾಯಿ ಗಂಟು ಹಾಕಿ ನೀಡಿದಳು.
ನಾನು ಇನ್ನೂ ನಿಂತೇ ಇದ್ದೆ.
“ಏನು?” ಅಂದಳು. “ನಿನಗವನು ಬಾಕಿಯಿಲ್ಲ.
ಮೂರು ಸಲ ವಸೂಲಿ ಮಾಡಿಕೊಂಡಿದ್ದೀಯಲ್ಲ.”

ಗಟ್ಟಿ ಇರುವುದನ್ನೇ ಆರಿಸಿ ಹಾಕಿದ್ದಾಳೆ ಮುದುಕಿ.
ಕಿಟಕಿ ಹಲಗೆಯ ಮೇಲೆ ಹಳೇ ಪೇಪರು ಹಾಸಿ ಹರವಿದ್ದೇನೆ.
ದಿನಾ ಬೆಳಿಗ್ಗೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ.
ಇನ್ನೂ ಕಲ್ಲು.