ಇಪ್ಪತ್ತೆಂಟು

ಕಾಳಿಗೆ ಸೇತುವೆ ಇರದ ಕಾಲ.
ಕೋಡಿಬಾಗದ ದಡದಲ್ಲಿ ಕಡೆಯ ತಾರಿಗೆ ಕಾಯುತ್ತ
ಬೋರಲು ಹಾಕಿದ ಪಾತಿಯ ಬೆನ್ನಿಗೆ ಗೋಣಿ ಹಾಸಿ
ನಾಲ್ವರು ಎಲೆ ಹಾಕುತ್ತಿದ್ದರು.
ನಾನು ತಾರಿ ಕಾರಕೂನರ ಮಗಳು, ಮೂರನೇ ಇಯತ್ತೆ,
ಹುಣಸೆಬೀಜದಲ್ಲಿ ಲೆಕ್ಕ ಇಡುವವಳು.

ಈ ಆಟಕ್ಕೆ ಇಪ್ಪತ್ತೆಂಟು ಅಂತ ಯಾಕೆ ಹೆಸರು?
ಕೇಳಿದೆ ಒಂದು ಸಂಜೆ, ಎಲೆ ಕಲಸುವ ಹೊತ್ತಿಗೆ.

ಗಣಬಾ ಹರಿಕಂತ್ರ ಬೀಡಿ ಆರಿಸಿ ಹೇಳಿದ:
ಚಂದ್ರ ಅಷ್ಟು ರಾತ್ರಿ ಅಲೆಯುತ್ತಾನೆ,
ಉಬ್ಬರ ಅಷ್ಟು ರಾತ್ರಿ ಅವನ ಬೆನ್ನು ಹತ್ತುತ್ತದೆ.
ದಾವೂದ ಹೇಳಿದ: ಮದರಸಾದಲ್ಲಿ ಕಲಿತ ಅಕ್ಷರ ಅಷ್ಟೇ,
ಒಂದೂ ಮರೆತಿಲ್ಲ, ಬೆತ್ತವನ್ನೂ ಮರೆತಿಲ್ಲ.
ಕೈತಾನ ಹಳೇ ಹಡಗೊಂದರ ಕತೆ ತೆಗೆದ:
ಹತ್ತಿದವರು ಮೂವತ್ತು, ಇಳಿದವರು ಇಪ್ಪತ್ತೆಂಟು,
ಇಬ್ಬರನ್ನು ನಡುಗಡಲಲ್ಲಿ ಪಣಕ್ಕಿಟ್ಟು ಸೋತರಂತೆ.
ಯಾರನ್ನು ಅಂತ ಯಾರೂ ಕೇಳಲಿಲ್ಲ.

ಜುಜೆ ಸಿದ್ದಿ ನೀರು ನೋಡುತ್ತಿದ್ದ.
ಯಲ್ಲಾಪುರದ ಕಡೆಯಿಂದ ಮರದ ತುಂಡುಗಳ ಜೊತೆ
ಇಳಿದು ಬಂದವನು, ಅಂಗೈಯಲ್ಲಿ ಸಿಬಿರು ಮುರಿದ ಗಾಯ.
ಒಂದೇ ಜಾತಿಯ ಎಂಟು ಎಲೆ ಆರಿಸಿ ಹರವಿದ:
ಬೀಜ ಇಡು, ಮಗಾ.

ಗುಲಾಮನಿಗೆ ಮೂರು. ಒಂಬತ್ತಕ್ಕೆ ಎರಡು.
ಎಕ್ಕಕ್ಕೆ ಒಂದು. ಹತ್ತಕ್ಕೆ ಒಂದು.
ಏಳು ಬೀಜ, ನಾಲ್ಕು ಜಾತಿ.
ಏಳ್ನಾಲ್ಕಲಿ ಇಪ್ಪತ್ತೆಂಟು,
ಅರೆ, ದಿನಾ ಶಾಲೆಯಲ್ಲಿ ಒದರುವ ಮಗ್ಗಿ!

ರಾಜನಿಗೆ?
ಸೊನ್ನೆ.
ರಾಣಿಗೆ?
ಸೊನ್ನೆ.
ಹೂಂ, ಅಂದ ಜುಜೆ. ಎಲೆ ಬಳಿದುಕೊಂಡ.

ಆಗ ಹೊಳೆಯಿತು, ಅಷ್ಟು ದಿನ ಕೇಳಿಯೂ ಕೇಳದ್ದು.
ಮೂವರೂ ಎಲೆ ಕುಟ್ಟುವಾಗ ಕೂಗುತ್ತಿದ್ದರು, ಗುಲಾಮ!
ಪಾತಿ ಅದುರುವಂತೆ, ಕಾಗೆ ಏಳುವಂತೆ.
ಜುಜೆ ಆ ಹೆಸರು ಎತ್ತಿದವನೇ ಅಲ್ಲ.
ಆ ಎಲೆಯನ್ನು ಎರಡೂ ಕೈಯಲ್ಲಿ ಮೆಲ್ಲನೆ ಇಳಿಸಿ
ಅಜ್ಜ ಬಂದ, ಅನ್ನುತ್ತಿದ್ದ.

ಮೇ ತಿಂಗಳ ಗಾಳಿಗೆ ಒಮ್ಮೆ
ಕಳಾವರ ರಾಜ ಹಾರಿ ನೀರಿಗೆ ಬಿದ್ದ.
ಯಾರೂ ಏಳಲಿಲ್ಲ. ಕೈತಾನ
ಆಟಕ್ಕೆ ಬೇಡದ ಎಲೆಗಳಿಂದ ಒಂದು ಆರು ಎತ್ತಿ
ಇದ್ದಿಲಲ್ಲಿ ಮೀಸೆ ಬರೆದ.
ಲೆಕ್ಕ ಇಪ್ಪತ್ತೆಂಟೇ ಇತ್ತು.

ಎರಡು ದಿನ ಬಿಟ್ಟು ಅದೇ ಗಾಳಿ
ಇಸ್ಪೀಟಿನ ಅಜ್ಜನನ್ನು ಎತ್ತಿತು.
ಲಾಟೀನು ಹಿಡಿದು ನಾಲ್ವರೂ ಸೊಂಟದ ನೀರಿಗಿಳಿದರು.
ಕತ್ತಲಲ್ಲಿ ಕೈತಾನನ ದನಿ:
ಅಲ್ಲಿ, ಆ ಹುಟ್ಟಿನ ಹತ್ತಿರ, ಅಜ್ಜ, ಅಜ್ಜನನ್ನು ಹಿಡಿಯಿರಿ!

ತಾರಿ ಬಂತು, ಕೊಂಬು ಊದಿತು, ಹೊರಟೂ ಹೋಯಿತು.
ನಾನು ದಡದಲ್ಲೇ ನಿಂತಿದ್ದೆ,
ಮುಷ್ಟಿಯಲ್ಲಿ ಮೂರು ಬೀಜ ಬೆವರುತ್ತ.